ಹೊಸ್ತಿಲು ಕುಗ್ಗಿತೋ, ಬೀದಿ ಬೆಳೆಯಿತೋ?



ಕಳೆದ ಶ್ರಾವಣಮಾಸದಲ್ಲಿ ಒಂದು ಸಂಜೆ ಬಳ್ಳಾರಿಗೆ ಅಪರೂಪವೆನ್ನಬಹುದಾದ ಒಳ್ಳೆಯ ಮಳೆ ಸುರಿಯಿತು. ಅರ್ಧ ಗಂಟೆಯೊಳಗೆ ಬೀದಿಯ ಕೆಸರುನೀರು ನಮ್ಮ ಹಳೆಯ ಮನೆಯ ಹೊಸ್ತಿಲನ್ನು ದಾಟಿ ಪಡಸಾಲೆಗೆ ನುಗ್ಗಿತು. ನಾವು ಗೋಣೀಚೀಲಗಳನ್ನು ಅಡ್ಡ ಹಾಕಿ, ತಂಬಿಗೆ ಚೆಂಬುಗಳಿಂದ ನೀರು ಮೊಗೆಯುತ್ತಿರುವಾಗ, ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನು, "ತಾತ, ಹಿಂದಿನವರು ಮನೆಯನ್ನು ಹಳ್ಳದಲ್ಲಿ ಏಕೆ ಕಟ್ಟುತ್ತಿದ್ದರು? ಮಳೆ ಬಂದರೆ ನೀರು ಒಳಗೆ ಬರುವುದೆಂದು ಅವರಿಗೆ ತಿಳಿಯುತ್ತಿರಲಿಲ್ಲವೇ?" ಎಂದು ಕೇಳಿದನು.

ಮೂವತ್ತೈದು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿ ನಿವೃತ್ತನಾದ ನಾನು ಆ ಕ್ಷಣದಲ್ಲಿ ಮೂಕನಾದೆನು. ಏಕೆಂದರೆ ಆ ಮನೆಯನ್ನು ನನ್ನ ಅಜ್ಜನು ಹಳ್ಳದಲ್ಲಿ ಕಟ್ಟಿದವನಲ್ಲ. ನಾನು ಬಾಲಕನಾಗಿದ್ದಾಗ ಬೀದಿಯಿಂದ ಜಗಲಿಗೆ ಐದು ಮೆಟ್ಟಿಲುಗಳಿದ್ದವು. ಜಗಲಿಯಿಂದ ಹಾರುವ ಪಂದ್ಯದಲ್ಲಿ ನನ್ನ ಎಡಗೈ ಮುರಿದು, ಒಂದೂವರೆ ತಿಂಗಳು ಕಟ್ಟು ಕಟ್ಟಿಸಿಕೊಂಡಿದ್ದೆನು. ಇಂದು ಆ ಐದು ಮೆಟ್ಟಿಲುಗಳಲ್ಲಿ ಒಂದೂ ಕಾಣುವುದಿಲ್ಲ. ಬೀದಿಯಿಂದ ನಮ್ಮ ಮನೆಯೊಳಗೆ ಒಂದು ಮೆಟ್ಟಿಲು ಕೆಳಕ್ಕೆ ಇಳಿಯಬೇಕು. ಮನೆ ಭೂಮಿಯೊಳಗೆ ಕುಸಿಯಲಿಲ್ಲ. ಅಜ್ಜನು ಇಟ್ಟ ಪಾಯ ಇಟ್ಟಲ್ಲಿಯೇ ಇದೆ. ಬೆಳೆದದ್ದು ಬೀದಿ. ಮೊದಲು ಮಣ್ಣಿನ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಡಾಂಬರು, ಡಾಂಬರಿನ ಮೇಲೆ ಮತ್ತೊಮ್ಮೆ ಜಲ್ಲಿ ಮತ್ತು ಡಾಂಬರು, ಕಟ್ಟಕಡೆಗೆ ಇವೆಲ್ಲದರ ಮೇಲೆ ಒಂದು ಗೇಣು ಕಾಂಕ್ರೀಟು. ಹೀಗೆ ಹಳೆಯದನ್ನು ಕೆತ್ತಿ ತೆಗೆಯದೆ ಹೊಸದನ್ನು ಸುರಿಯುತ್ತ ಸುರಿಯುತ್ತ, ನಾನು ಆಡಿದ ಬೀದಿಯನ್ನು ನನ್ನ ಕಣ್ಣೆದುರಿಗೇ ಹೂಳಿಬಿಟ್ಟರು.

ನೆಲದಡಿಯಲ್ಲಿ ಹುದುಗಿದ ಪುರಾತನ ಬೀದಿಗಳೆಂದರೆ ನಮ್ಮ ವಿದ್ಯಾವಂತರಿಗೆ ಕೂಡಲೆ ಇಟಲಿಯ ಪಾಂಪೆಯಿ ಪಟ್ಟಣವು ನೆನಪಿಗೆ ಬರುತ್ತದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತದ ಬೂದಿಯು ಅದನ್ನು ಮುಚ್ಚಿತು. ಆ ಪಾಪವನ್ನು ಮಾಡಿದ್ದು ಅಗ್ನಿಪರ್ವತ. ಅದಕ್ಕೆ ಬುದ್ಧಿಯಿಲ್ಲವೆಂದು ಕ್ಷಮಿಸಬಹುದು. ನಮ್ಮ ಬೀದಿಗಳನ್ನು ಮುಚ್ಚುತ್ತಿರುವವರು ಅಂದಾಜುಪಟ್ಟಿ ಬರೆದು, ಹಣ ಮಂಜೂರು ಮಾಡಿ, ತೆಂಗಿನಕಾಯಿ ಒಡೆದು, ಹಾರ ಹಾಕಿಸಿಕೊಂಡು ಮುಚ್ಚುತ್ತಾರೆ. ನಾವು ಅವರಿಗೆ ಚಪ್ಪಾಳೆ ತಟ್ಟುತ್ತೇವೆ. ಈ ಲೇಖನವನ್ನು ಬರೆಯಲು ಕಾರಣವು ಇದೇ.

ಈ ಮಾತನ್ನು ಆಡಿದಾಗಲೆಲ್ಲ ಸ್ನೇಹಿತರು ನನಗೆ ಕೊಡುವ ಮೊದಲನೆಯ ಉತ್ತರವೇನೆಂದರೆ: "ಪಂಡಿತರೇ, ಬಳ್ಳಾರಿಗೆ ಎಲ್ಲಿಯ ಇತಿಹಾಸ? ಇತಿಹಾಸ ಬೇಕಾದರೆ ಹಂಪೆಗೆ ಹೋಗಿ. ಇಲ್ಲಿರುವುದು ಬಿಸಿಲು, ಧೂಳು, ಅದಿರು ಅಷ್ಟೆ." ಬಲಾಸುರನ ಶತ್ರುವಾದ ಇಂದ್ರನಿಂದ ಊರಿಗೆ ಹೆಸರು ಬಂದಿತೆಂಬ ಪುರಾಣವನ್ನು ಇವರು ಉತ್ಸಾಹದಿಂದ ಹೇಳುವರು, ತಮ್ಮ ಬೀದಿಗೆ ಆ ಹೆಸರು ಏಕೆ ಬಂದಿತೆಂದು ಕೇಳಿದರೆ ತಲೆ ತುರಿಸಿಕೊಳ್ಳುವರು.

ಇತಿಹಾಸವಿಲ್ಲವೆಂಬ ಈ ಮಾತು ಅಜ್ಞಾನದಿಂದ ಹುಟ್ಟಿದ್ದು. ಊರಿನಿಂದ ನಾಲ್ಕೈದು ಮೈಲಿಯ ಆಚೆಗಿರುವ ಸಂಗನಕಲ್ಲು ಕುಪ್ಪಗಲ್ಲುಗಳ ಗುಡ್ಡವನ್ನು ತೆಗೆದುಕೊಳ್ಳಿರಿ. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟ್ ಎಂಬಾತನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ನೂತನ ಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ಕಾರ್ಯಸ್ಥಾನವನ್ನು ಗುರುತಿಸಿದನು. ಆತನ ಸಂಗ್ರಹವನ್ನು 1904ರಲ್ಲಿ ಮದ್ರಾಸು ವಸ್ತುಸಂಗ್ರಹಾಲಯದವರು ಕೊಂಡರು. ಬೆಂಡಪೂಡಿ ಸುಬ್ಬರಾಯರು ಅಲ್ಲಿ ಅಗೆದು ಶೋಧಿಸಿ, ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು 1948ರಲ್ಲಿ ಪ್ರಕಟಿಸಿದರು. ಇಂದು ಬಳ್ಳಾರಿಯಲ್ಲಿಯೇ ಫೂಟನ ಹೆಸರಿನ ಪುರಾತತ್ತ್ವ ಸಂಗ್ರಹಾಲಯವೊಂದಿದೆ. ನಮ್ಮ ಓದುಗರಲ್ಲಿ ಎಷ್ಟು ಮಂದಿ ಅದರ ಬಾಗಿಲು ತುಳಿದಿರುವರೆಂದು ಕೇಳಲು ನನಗೆ ಸಂಕೋಚವಾಗುತ್ತದೆ.

ಕುಡತಿನಿಯ ಬೂದಿದಿಬ್ಬವನ್ನು ನೋಡಿರಿ. ರಾಕ್ಷಸರನ್ನು ಸುಟ್ಟ ಬೂದಿಯೆಂದು ನಮ್ಮವರು ಕಥೆ ಹೇಳುತ್ತಿದ್ದರು. ಅಂಥದೇ ದಿಬ್ಬವನ್ನು 1957ರಲ್ಲಿ ಉಟ್ನೂರಿನಲ್ಲಿ ಅಗೆಸಿದ ಆಲ್ಚಿನ್ ಎಂಬ ವಿದ್ವಾಂಸರು, ಅದು ಪ್ರಾಚೀನ ಗೋಪಾಲಕರ ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಸುಟ್ಟ ಬೂದಿಯೆಂದು ತೋರಿಸಿಕೊಟ್ಟರು. ಸಗಣಿಯ ಬೂದಿಯನ್ನು ಪದರ ಪದರವಾಗಿ ಬಿಡಿಸಿ ಓದುವ ಜನರು ಜಗತ್ತಿನಲ್ಲಿರುವಾಗ, ನಮ್ಮ ಮುತ್ತಜ್ಜಂದಿರು ನಡೆದ ಬೀದಿಯನ್ನು ಓದಲು ನಮಗೆ ನಾಚಿಕೆಯೇಕೆ?

ಇನ್ನು ಸಿರುಗುಪ್ಪೆಯ ಕಡೆಗೆ ಹೋಗೋಣ. ಸಿರಿಯ ಗುಪ್ಪೆಯೇ ಸಿರುಗುಪ್ಪೆಯೆಂದು ಜನರು ಅರ್ಥ ಹೇಳುವರು. ತುಂಗಭದ್ರೆಯ ಕಾಲುವೆಯ ನೀರು, ಭತ್ತದ ರಾಶಿ ಇವುಗಳನ್ನು ಕಂಡವರಿಗೆ ಆ ಅರ್ಥ ಒಪ್ಪಿತವೇ. ಆದರೆ ಆ ತಾಲ್ಲೂಕಿನ ನಿಜವಾದ ಸಿರಿ ನೆಲದಲ್ಲಿದೆ. ದಾರಿಯಲ್ಲಿ ಸಿಕ್ಕುವ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾಯರೂ ಕೆ. ಸಿ. ಮಲ್ಹೋತ್ರರೂ ಉತ್ಖನನ ನಡೆಸಿ, ಸುಮಾರು ಮೂರೂವರೆ ಸಹಸ್ರ ವರ್ಷಗಳ ಹಿಂದಿನ ಗುಡಿಸಲುಗಳ ನೆಲಗಟ್ಟುಗಳನ್ನು ಬೆಳಕಿಗೆ ತಂದರು. ಅದೇ ತಾಲ್ಲೂಕಿನ ನಿಟ್ಟೂರು ಮತ್ತು ಉದೇಗೊಳಗಳಲ್ಲಿ 1970ರ ದಶಕದ ಕೊನೆಯಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ದೊರೆತವು. ಅಶೋಕನ ಹೆಸರನ್ನೇ ಎತ್ತಿ ಹೇಳುವ ಶಾಸನಗಳು ಇಡೀ ಭರತಖಂಡದಲ್ಲಿ ಬೆರಳೆಣಿಕೆಯಷ್ಟು ಮಾತ್ರ. 1915ರಲ್ಲಿ ದೊರೆತ ಮಸ್ಕಿಯದು ಅವುಗಳಲ್ಲಿ ಪ್ರಸಿದ್ಧವಾದುದು. ನಿಟ್ಟೂರು, ಉದೇಗೊಳದವೂ ಅದೇ ಪಂಕ್ತಿಗೆ ಸೇರಿದವು. ಎರಡು ಸಾವಿರದ ಇನ್ನೂರು ವರ್ಷಗಳ ಕಾಲ ಆ ಅಕ್ಷರಗಳು ಬಯಲಿನಲ್ಲಿಯೇ ಇದ್ದವು. ರೈತನು ಅವುಗಳ ಪಕ್ಕದಲ್ಲಿ ನಡೆದನು, ಕುರಿಗಳು ಮೇದವು, ಶಾನುಭೋಗನು ಲೆಕ್ಕ ಬರೆದನು. ಓದುವ ಕಣ್ಣು ಮಾತ್ರ ಬರಲಿಲ್ಲ. ಕಂಡಿಲ್ಲವೆಂಬುದರಿಂದ ಇಲ್ಲವೆಂದು ಸಾಧಿಸುವುದು ಎಂಥ ತರ್ಕವೆಂದು ನ್ಯಾಯಶಾಸ್ತ್ರದ ಮೊದಲನೆಯ ಪಾಠ ಓದಿದ ಬಾಲಕನೂ ಬಲ್ಲನು.

ಕುರುಗೋಡಿನದು ಬೇರೆ ಬಗೆಯ ಪಾಠ. 12ನೆಯ ಶತಮಾನದಲ್ಲಿ ಸಿಂದವಂಶದ ಒಂದು ಶಾಖೆಯವರು ಬಳ್ಳಕುಂದೆ ಮುನ್ನೂರನ್ನು ಅಲ್ಲಿಂದ ಆಳಿದರು. ಅವರ ಶಾಸನಗಳಿವೆ. ಬೆಟ್ಟದ ಬುಡದಲ್ಲಿ ಚಾಲುಕ್ಯಶೈಲಿಯ ಗುಡಿಗಳಿವೆ. ಬಳ್ಳಾರಿ ಸೀಮೆಯ ಇಂಥ ದೇವಾಲಯಗಳನ್ನು ಅಲೆಕ್ಸಾಂಡರ್ ರೀ ಎಂಬಾತನು ಅಳತೆ ಮಾಡಿ, ಚಿತ್ರಿಸಿ, 1896ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ದೊಡ್ಡಬಸವೇಶ್ವರನಂತೂ ಇಂದಿಗೂ ಪೂಜೆಗೊಳ್ಳುತ್ತ ತನ್ನ ಏಕಶಿಲೆಯ ಭವ್ಯಗಾತ್ರದಿಂದ ಯಾತ್ರಿಕರನ್ನು ಬೆರಗುಗೊಳಿಸುತ್ತಿದ್ದಾನೆ. ರಾಜಧಾನಿಯೆಂದ ಮೇಲೆ ಅಲ್ಲಿ ಎಣ್ಣೆಯ ಗಾಣಿಗರ ಬೀದಿ, ನೇಕಾರರ ಬೀದಿ, ಸಂತೆಯ ಬೀದಿ ಇರಲೇಬೇಕಷ್ಟೆ? ಅವು ಎಲ್ಲಿವೆ? ಗುಡಿಯನ್ನು ಉಳಿಸಿಕೊಂಡೆವು, ಗುಡಿಗೆ ಎಣ್ಣೆ ಹೊತ್ತವನ ಬೀದಿಯನ್ನು ಮರೆತೆವು. ದೇವರ ಮನೆಗೆ ಕಲ್ಲು, ಮನುಷ್ಯನ ಮನೆಗೆ ಮಣ್ಣು. ಆದಕಾರಣ ದೇವರ ಇತಿಹಾಸ ನಿಂತಿತು, ಮನುಷ್ಯನ ಇತಿಹಾಸ ಕರಗಿತು. ಕುರುಗೋಡು ಈಚೆಗೆ ತಾಲ್ಲೂಕು ಕೇಂದ್ರವಾಗಿದೆ. ಕಚೇರಿಗಳೂ ರಸ್ತೆಗಳೂ ಬರುವ ಕಾಲವಿದು. ಬಳ್ಳಾರಿಯಲ್ಲಿ ಆದದ್ದು ಅಲ್ಲಿ ಆಗಬಾರದೆಂಬುದು ನನ್ನ ಕಳಕಳಿ.

ಇಷ್ಟಾದ ಮೇಲೆ ಬಳ್ಳಾರಿಯ ಪೇಟೆಗೆ ಬರೋಣ. ಬೆಟ್ಟದ ಮೇಲಿನ ಕೋಟೆಯನ್ನು ವಿಜಯನಗರದ ಕಾಲದ ಹನುಮಪ್ಪನಾಯಕನು ಕಟ್ಟಿಸಿದನೆಂದೂ, ಕೆಳಗಿನ ಕೋಟೆಯನ್ನು 18ನೆಯ ಶತಮಾನದಲ್ಲಿ ಹೈದರಾಲಿಯು ಕಟ್ಟಿಸಿದನೆಂದೂ ಶಾಲೆಯ ಮಕ್ಕಳೂ ಹೇಳುವರು. ಎದುರಿನ ಕುಂಬಾರಗುಡ್ಡವು ಕೋಟೆಗಿಂತ ಎತ್ತರವೆಂದು ಆಮೇಲೆ ತಿಳಿದು, ಕೋಟೆ ಕಟ್ಟಿದ ಫ್ರೆಂಚ್ ಶಿಲ್ಪಿಯನ್ನು ಹೈದರನು ಗಲ್ಲಿಗೇರಿಸಿದನೆಂಬ ಕಥೆಯಂತೂ ಎಲ್ಲರಿಗೂ ಪ್ರಿಯ. ನೇಣಿನ ಕಥೆ ಉಳಿಯಿತು. ಆ ಕೋಟೆಗೆ ಸುಣ್ಣ ಅರೆದವರು, ಕಲ್ಲು ಹೊತ್ತವರು, ದಂಡಿಗೆ ಕಾಳು ಅಳೆದವರು ಯಾವ ಬೀದಿಗಳಲ್ಲಿದ್ದರೆಂಬುದು ಉಳಿಯಲಿಲ್ಲ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟ ಮೇಲೆ ದಂಡು ಬಂದಿತು, ದಂಡಿನ ಹಿಂದೆ ಪೇಟೆ ಬೆಳೆಯಿತು. ಬ್ರೂಸ್‌ಪೇಟೆ, ಮೆಲ್ಲರ್‌ಪೇಟೆ ಎಂಬಿವು ಇಲ್ಲಿದ್ದ ಇಬ್ಬರು ಆಂಗ್ಲ ಅಧಿಕಾರಿಗಳ ಹೆಸರುಗಳು. ಮೆಲ್ಲರನು ಜನರ ಬಾಯಲ್ಲಿ ಮಿಲ್ಲರನಾದನು. ಕೌಲ್‌ಬಜಾರು ಎಂಬಲ್ಲಿರುವ ಕೌಲೆಂದರೆ ಮಾತು ಕೊಟ್ಟು ಬರೆದುಕೊಟ್ಟ ಅಭಯಪತ್ರ. ನಿನ್ನ ವ್ಯಾಪಾರಕ್ಕೆ ತೊಂದರೆಯಿಲ್ಲ, ಬಂದು ನೆಲಸೆಂದು ಆಳುವವನು ವರ್ತಕನಿಗೆ ಕೊಡುತ್ತಿದ್ದ ಭರವಸೆ. ಒಂದು ಬಜಾರಿನ ಹೆಸರಿನಲ್ಲಿಯೇ ಒಂದು ರಾಜನೀತಿ ಅಡಗಿದೆ. ಇದನ್ನು ನಮ್ಮ ಯಾವ ಪಠ್ಯಪುಸ್ತಕದಲ್ಲಿ ಹೇಳಿಕೊಟ್ಟಿದ್ದೇವೆ?

ಕನ್ನಡಕ್ಕೆ 1832ರಲ್ಲಿ ಇಂಗ್ಲಿಷ್ ಅರ್ಥಗಳ ದೊಡ್ಡ ನಿಘಂಟನ್ನು ಅಚ್ಚುಹಾಕಿಸಿದ ವಿಲಿಯಂ ರೀವ್ ಎಂಬ ಪಾದ್ರಿಯು ಬಳ್ಳಾರಿಯಲ್ಲಿ ಕೆಲಸ ಮಾಡಿದವನು. ಆತನಿಗೆ ಕನ್ನಡ ಹೇಳಿಕೊಟ್ಟ ಪಂಡಿತನು ಯಾವ ಬೀದಿಯವನು? ಧರ್ಮವರಂ ರಾಮಕೃಷ್ಣಾಚಾರ್ಯರೂ ಕೋಲಾಚಲಂ ಶ್ರೀನಿವಾಸರಾಯರೂ ತೆಲುಗು ನಾಟಕಗಳಿಗೆ ಈ ಊರಿನಲ್ಲಿ ಹೊಸ ಜನ್ಮ ಕೊಟ್ಟರು. ಬಳ್ಳಾರಿ ರಾಘವರು ಊರಿನ ಹೆಸರನ್ನೇ ತಮ್ಮ ಹೆಸರಿಗೆ ಮುಡಿದು ದೇಶವೆಲ್ಲ ಮೆರೆಸಿದರು. ಅವರು ಯಾವ ಬೀದಿಯ ಯಾವ ಪಡಸಾಲೆಯಲ್ಲಿ ತಾಲೀಮು ನಡೆಸಿದರೆಂದು ಊರಿನ ನಾಲ್ಕು ಮಂದಿ ಯುವಕರನ್ನು ಕೇಳಿ ನೋಡಿರಿ. ರಾಘವರ ಹೆಸರಿನ ಕಲಾಮಂದಿರವನ್ನು ತೋರಿಸುವರು. ಕಲಾಮಂದಿರವು ಅವರ ಸ್ಮಾರಕ. ಅವರು ಮೊಳೆತು ಬೆಳೆದ ನೆಲವಾದರೋ ಬೀದಿ.

ಈಗ ನನ್ನ ಸ್ವಂತದ ಒಂದು ತಪ್ಪನ್ನು ನಿವೇದಿಸುವೆನು. ಮೂರು ವರ್ಷಗಳ ಹಿಂದೆ ಒಳಚರಂಡಿಯ ಕೊಳವೆಗಾಗಿ ನಮ್ಮ ಬೀದಿಯನ್ನು ಯಂತ್ರದಿಂದ ಅಗೆದರು. ಡಾಂಬರು, ಜಲ್ಲಿ, ಮೊರಂಗಳ ಪದರ ಕಳೆದು ಆಳಕ್ಕೆ ಹೋದಾಗ, ಮೊದಲು ಸಾಲಾಗಿ ಜೋಡಿಸಿದ ಚಪ್ಪಡಿಗಳು ಕಂಡವು. ಚಪ್ಪಡಿಯ ಕೆಳಗೆ ಗಾರೆಯಿಂದ ಕಟ್ಟಿದ ಸಣ್ಣ ಚರಂಡಿ. ಅದರ ಪಕ್ಕದಲ್ಲಿ ದುಂಡಗೆ ಕೆತ್ತಿದ ಕಲ್ಲುಗಳ ಒಂದು ಸುತ್ತು. ಅದು ಮುಚ್ಚಿಹೋದ ಬಾವಿಯ ಬಾಯಿ. ಒಂದು ಕಲ್ಲಿನ ಅಂಚಿನಲ್ಲಿ ಹಗ್ಗ ಜಾರಿ ಜಾರಿ ಕೊರೆದ ಏಳು ಗೆರೆಗಳಿದ್ದವು. ನಾನು ಬಗ್ಗಿ ಎಣಿಸಿದೆನು. ಒಂದೊಂದು ಗೆರೆಯಲ್ಲಿ ಕಿರುಬೆರಳು ಹುದುಗುವಷ್ಟು ಆಳ. ಎಷ್ಟು ತಲೆಮಾರಿನ ಹೆಂಗಸರು ಸೇದಿದರೆ ಅಂಥ ಕಲ್ಲು ಅಷ್ಟು ಸವೆದೀತು! ನನ್ನ ಅಜ್ಜಿಯೂ ಆ ಬಾವಿಯ ಮಾತು ಆಡಿದ್ದಿಲ್ಲ; ಅಂದರೆ ಅವಳ ಕಾಲಕ್ಕೇ ಅದು ಮುಚ್ಚಿಹೋಗಿತ್ತು.

ಮೇಸ್ತ್ರಿಯನ್ನು, "ಅಪ್ಪಾ, ಈ ಕಲ್ಲನ್ನು ಏನು ಮಾಡುವಿ?" ಎಂದು ಕೇಳಿದೆನು. "ಮೇಷ್ಟ್ರೇ, ನಾಳೆ ಮುಂಜಾನೆ ಪೈಪು ಕೂಡಬೇಕು. ಇದನ್ನ ತುಂಬಿಸಿ ಕಳಿಸ್ತೀವಿ" ಎಂದನು. ಅವನಲ್ಲಿ ತಪ್ಪಿಲ್ಲ, ಅವನಿಗೆ ವಹಿಸಿದ ಕೆಲಸ ಅದು. ನಾನು ಸಂಜೆ ಬಂದು ಅಳತೆ ತೆಗೆದುಕೊಂಡರಾಯಿತೆಂದು ಒಳಗೆ ಹೋಗಿ, ಊಟ ಮಾಡಿ, ಎಂದಿನಂತೆ ಮಲಗಿದೆನು. ಎದ್ದು ಬರುವಷ್ಟರಲ್ಲಿ ಟ್ರಾಕ್ಟರು ಬಂದು ಹೋಗಿತ್ತು. ಚಪ್ಪಡಿಯಿಲ್ಲ, ಚರಂಡಿಯಿಲ್ಲ, ಏಳು ಗೆರೆಯ ಕಲ್ಲಿಲ್ಲ. ಯಾವ ಹಳ್ಳಕ್ಕೆ ಸುರಿದರೋ, ಯಾರ ಪಾಯಕ್ಕೆ ಹಾಕಿದರೋ ತಿಳಿಯಲಿಲ್ಲ.

ವರ್ಷ ವರ್ಷವೂ ಮೊಹೆಂಜೊದಾರೊ ಪಟ್ಟಣದ ಚರಂಡಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಅವುಗಳ ಅಚ್ಚುಕಟ್ಟನ್ನು ಹೊಗಳಿ ಹೊಗಳಿ ಪಾಠ ಹೇಳಿದ ಉಪಾಧ್ಯಾಯನು ನಾನು. ನನ್ನ ಬಾಗಿಲ ಮುಂದೆ ಚರಂಡಿಯೊಂದು ಬಾಯ್ತೆರೆದು ನಿಂತಾಗ ಒಂದು ಕಾಗದದ ಮೇಲೆ ನಾಲ್ಕು ಗೆರೆ ಎಳೆದಿಡಲಿಲ್ಲ. ಹೀಗಾಗಿ ಬೇರೆಯವರನ್ನು ದೂಷಿಸುವ ಮೊದಲು ನನ್ನನ್ನೇ ದೂಷಿಸಿಕೊಂಡಿರುವೆನೆಂದು ಓದುಗರು ತಿಳಿಯಬೇಕು.

ಇನ್ನು ಆಕ್ಷೇಪಗಳಿಗೆ ಸಮಾಧಾನ ಹೇಳಬೇಕು.

"ಬೀದಿ ಇರುವುದು ನಡೆಯುವುದಕ್ಕೆ, ಪ್ರದರ್ಶನಕ್ಕಲ್ಲ. ಒಳಚರಂಡಿ ಬೇಡವೇ? ರೋಗಿಯನ್ನು ಹೊತ್ತ ವಾಹನ ಒಳಗೆ ಬರುವುದು ಬೇಡವೇ?" ಎಂದು ಕೆಲವರು ಕೇಳುವರು. ಬೇಕು, ಅವಶ್ಯವಾಗಿ ಬೇಕು. ಕೊಳವೆಯನ್ನು ವಿರೋಧಿಸುವಷ್ಟು ಮೂಢನು ನಾನಲ್ಲ. ಅಗೆಯಬೇಡಿರೆಂದು ನಾನು ಹೇಳುತ್ತಿಲ್ಲ. ಅಗೆದಾಗ ಕಣ್ಣುಬಿಟ್ಟು ನೋಡಿರೆಂದು ಹೇಳುತ್ತಿದ್ದೇನೆ. ಅಲ್ಲದೆ, ಹಳೆಯ ಪದರವನ್ನು ಕೆತ್ತಿ ತೆಗೆದು ಮೊದಲಿನ ಮಟ್ಟಕ್ಕೇ ಹೊಸ ರಸ್ತೆಯನ್ನು ಹಾಕುವ ಯಂತ್ರಗಳು ಇಂದು ಇವೆ. ಅವುಗಳನ್ನು ಬಳಸಿದರೆ ಇತಿಹಾಸ ಉಳಿಯುವುದು ಹಾಗಿರಲಿ, ಬಡವನ ಪಡಸಾಲೆಗೆ ಕೊಳಚೆ ನುಗ್ಗುವುದಾದರೂ ತಪ್ಪೀತು. ಹಣವುಳ್ಳವನು ಮನೆಯನ್ನು ಕೆಡವಿ ಎತ್ತರಿಸಿ ಕಟ್ಟಿಕೊಳ್ಳುವನು. ಇಲ್ಲದವನು ಹೊಸ್ತಿಲ ಮೇಲೆ ಇಟ್ಟಿಗೆಯ ಕಟ್ಟೆ ಕಟ್ಟಿ, ಬಾಗಿಲಿನ ಬುಡವನ್ನು ಕೊಯ್ಯಿಸಿ, ತಲೆ ಬಗ್ಗಿಸಿ ಒಳಗೆ ಹೋಗುವನು. ರಸ್ತೆಯನ್ನು ಎತ್ತರಿಸುವ ಈ ಅಭಿವೃದ್ಧಿಯು ಬಡವನ ಮನೆಯನ್ನು ನೆಲಮಾಳಿಗೆಯನ್ನಾಗಿ ಮಾಡುತ್ತಿದೆಯೆಂಬುದನ್ನು ಯಾರು ಅಲ್ಲಗಳೆಯುವರು?

ನಮ್ಮ ಪೂರ್ವಿಕರಿಗೆ ಇದರ ವಿವೇಕವಿದ್ದಿತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೊದಲ ಬಾರಿಗೆ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಬೀದಿಗೆ ಧೂಳುಮಣ್ಣನ್ನು ಎಸೆದವನಿಗೆ ಪಣದ ಎಂಟನೆಯ ಒಂದು ಭಾಗವೂ, ಕೆಸರುನೀರು ತಡೆದು ನಿಲ್ಲುವಂತೆ ಮಾಡಿದವನಿಗೆ ಕಾಲು ಪಣವೂ ದಂಡವೆಂದು ವಿಧಿಸಿದೆ. ಆ ದಂಡವನ್ನು ಇಂದು ಜಾರಿಗೆ ತಂದರೆ ದಂಡ ತೆರಬೇಕಾದವರು ಯಾರೆಂದು ವಾಚಕರೇ ಊಹಿಸಲಿ. ರಥ್ಯಾ, ಪ್ರತೋಲೀ, ವಿಶಿಖಾ ಎಂದು ಅಮರಸಿಂಹನು ಬೀದಿಗೆ ಮೂರು ಹೆಸರುಗಳನ್ನು ಕೊಟ್ಟನು. ವೀಥಿಯೆಂಬುದರ ತದ್ಭವವೇ ನಮ್ಮ ಬೀದಿ. ಶಬ್ದಸಂಪತ್ತು ಇಷ್ಟಿರುವ ನಾವು ಇಂದು ಒಂದನೆಯ ಅಡ್ಡರಸ್ತೆ, ಎರಡನೆಯ ಅಡ್ಡರಸ್ತೆಯೆಂದು ಬೀದಿಗಳನ್ನು ಎಣಿಸುತ್ತ ಕುಳಿತಿದ್ದೇವೆ.

"ಮಣ್ಣಿನಲ್ಲಿ ಹೂತದ್ದು ಸುರಕ್ಷಿತವಾಗಿರುತ್ತದೆ, ಇರಲಿ ಬಿಡಿ" ಎನ್ನುವವರು ಎರಡನೆಯ ಪಂಗಡದವರು. ಇದರಲ್ಲಿ ಸ್ವಲ್ಪ ಸತ್ಯಾಂಶವುಂಟು. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ 1753ರಲ್ಲಿ ವರ್ತಕರ ಸೌಧವೊಂದನ್ನು ಕಟ್ಟಲಾರಂಭಿಸಿದಾಗ ಮೇರಿ ಕಿಂಗಳ ಓಣಿಯೆಂಬ ಇಕ್ಕಟ್ಟಾದ ಬೀದಿಯ ಮೇಲ್ಭಾಗವನ್ನು ಕೆಡವಿ, ಕೆಳಭಾಗವನ್ನೇ ಅಡಿಪಾಯ ಮಾಡಿಕೊಂಡರು. ಆ ಕೆಳಭಾಗವು ಸೌಧದಡಿಯಲ್ಲಿ ಉಳಿದುಕೊಂಡಿತು. ಇಂದು ಜನರು ಹಣ ಕೊಟ್ಟು ಅದರೊಳಗೆ ಇಳಿದು ನೋಡಿ ಬರುವರು. ಆದರೆ ನಮ್ಮ ಬೀದಿಗಳಡಿಯ ಮಣ್ಣನ್ನು ನೀರಿಗೊಮ್ಮೆ, ಚರಂಡಿಗೊಮ್ಮೆ, ದೂರವಾಣಿಯ ತಂತಿಗೊಮ್ಮೆ, ವಿದ್ಯುತ್ತಿಗೊಮ್ಮೆ ಬಗೆಯುತ್ತಲೇ ಇರುವರು. ಹೂಳುವುದೂ ನಾವೇ, ಹೂಳಿದ್ದನ್ನು ಲೆಕ್ಕವಿಲ್ಲದೆ ಕಿತ್ತೆಸೆಯುವುದೂ ನಾವೇ. 2012ರಲ್ಲಿ ಬೆಂಗಳೂರಿನ ಕೋಟೆಯ ಬಳಿ ಮೆಟ್ರೋ ರೈಲಿಗಾಗಿ ಅಗೆದಾಗ ಹಳೆಯ ತೋಪುಗಳು ದೊರೆತವು. ತೋಪಾದ್ದರಿಂದ ಜನ ಕೂಡಿದರು, ಪತ್ರಿಕೆಗಳು ಬರೆದವು. ಬಾವಿಯ ಕಲ್ಲಿಗೆ ಯಾರು ಕೂಡುವರು? ನೆಲದಲ್ಲಿ ನಿಧಿ ಸಿಕ್ಕಿದರೆ ಸರಕಾರಕ್ಕೆ ತಿಳಿಸಬೇಕೆಂಬ ಕಾಯಿದೆಯು ನಮ್ಮ ದೇಶದಲ್ಲಿ 1878ರಲ್ಲಿಯೇ ಆಯಿತು. ಬಂಗಾರಕ್ಕೆ ಕಾಯಿದೆಯುಂಟು, ಬೀದಿಗಿಲ್ಲ.

ಮೂರನೆಯ ಆಕ್ಷೇಪವು ಹೆಚ್ಚು ತೂಕವುಳ್ಳದ್ದು. ನನ್ನ ಹಳೆಯ ಶಿಷ್ಯನೊಬ್ಬನು, ಈಗ ತಾನೂ ಉಪಾಧ್ಯಾಯನಾಗಿರುವವನು, ವಿನಯದಿಂದಲೇ ಹೀಗೆಂದನು: "ಗುರುಗಳೇ, ನೀವು ಉಳಿಸಬೇಕೆನ್ನುವ ಬೀದಿಯಲ್ಲಿ ನನ್ನ ಅಜ್ಜ ಚಪ್ಪಲಿ ಮೆಟ್ಟಿ ನಡೆಯುವ ಹಾಗಿರಲಿಲ್ಲ. ಆ ಬಾವಿಯಿಂದ ನನ್ನ ಅಜ್ಜಿ ನೀರು ಸೇದುವ ಹಾಗಿರಲಿಲ್ಲ. ಅದು ಹೂತುಹೋದರೆ ನನಗೇನು ನಷ್ಟ?" ಈ ಮಾತಿಗೆ ಸುಲಭವಾದ ಉತ್ತರವಿಲ್ಲ, ನಾನು ಸುಲಭವಾಗಿ ಉತ್ತರಿಸಲೂ ಇಲ್ಲ. ನಾನು ಓದಿದ ಪಾಠಶಾಲೆಯ ಬೀದಿಯೂ ಹಿಂದೆ ಎಲ್ಲರದಾಗಿರಲಿಲ್ಲ. ಇದನ್ನು ಮುಚ್ಚಿಟ್ಟು ಹಳೆಯ ಬೀದಿಯನ್ನು ಕೊಂಡಾಡುವವನು ಇತಿಹಾಸಕಾರನಲ್ಲ, ವಂದಿಮಾಗಧನು.

ಎರಡು ದಿನ ಯೋಚಿಸಿ ಅವನಿಗೆ ನಾನು ಹೇಳಿದ್ದಿಷ್ಟು: "ಮಗು, ಆ ಬೀದಿ ಹೂತುಹೋದರೆ ನಿನ್ನ ಅಜ್ಜನಿಗೆ ಆದ ಅನ್ಯಾಯದ ಸಾಕ್ಷಿಯೂ ಹೂತುಹೋಗುತ್ತದೆ. ಹಾಗೆ ಯಾವ ಬೀದಿಯೂ ಇರಲೇ ಇಲ್ಲ, ಎಲ್ಲರೂ ಎಲ್ಲ ಬಾವಿಗಳಲ್ಲಿಯೂ ನೀರು ಸೇದುತ್ತಿದ್ದರೆಂದು ನಾಳೆ ಯಾರಾದರೂ ಬರೆದರೆ, ಅಲ್ಲವೆನ್ನಲು ನಿನ್ನ ಕೈಯಲ್ಲಿ ಏನಿರುತ್ತದೆ? ನನ್ನ ಬೀದಿಯ ಕಥೆಯನ್ನು ನಾನು ಬರೆಯುವೆನು. ಆ ಬೀದಿಯ ಹೊರಗೆ ನಿಂತವನ ಕಥೆಯನ್ನು ನೀನು ಬರೆ. ಎರಡೂ ಸೇರಿದರೆ ಊರಿನ ಚರಿತ್ರೆ." ಅವನು ಒಪ್ಪಿದನೆಂದು ಹೇಳಲಾರೆ. ಆದರೆ ಮಾರನೆಯ ವಾರ ತನ್ನ ಕೇರಿಯ ಹಿರಿಯರಿಂದ ಕೇಳಿ ಬರೆದುಕೊಂಡ ಎಂಟು ಪುಟಗಳನ್ನು ತಂದು ನನ್ನ ಮುಂದಿಟ್ಟನು. ನನ್ನ ಬರಹಕ್ಕಿಂತ ಅದು ಉತ್ತಮವಾಗಿದ್ದಿತು.

ಕಡೆಯದಾಗಿ ಹಂಪೆಯ ಮಾತು. ದೇವರಾಯನ ಕಾಲದಲ್ಲಿ, 1426ರಲ್ಲಿ, ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದ ಶಾಸನವು, ಅದು ಕ್ರಮುಕಪರ್ಣಾಪಣದ ವೀಥಿಯಲ್ಲಿದ್ದಿತೆಂದು ಸ್ಥಳನಿರ್ದೇಶ ಮಾಡುತ್ತದೆ. ಎಂದರೆ ಅಡಕೆ ಎಲೆಯ ಅಂಗ���ಿಬೀದಿ. ಪಾನ್‌ಸುಪಾರಿ ಬಜಾರೆಂದು ಇಂದು ನಾವು ಕರೆಯುವುದು ಅದನ್ನೇ. ಆರು ಶತಮಾನಗಳ ಮೇಲೂ ನಾವು ಆ ಬೀದಿಯನ್ನು ಬೆರಳಿಟ್ಟು ತೋರಿಸಬಲ್ಲೆವು. ಏಕೆಂದರೆ ಬರೆಸಿದವನು ಬೀದಿಯ ಹೆಸರನ್ನು ಬಿಡದೆ ಬರೆಸಿದನು. ಅದೇ ಹಂಪೆಯಲ್ಲಿ 2011ರ ಜುಲೈ ತಿಂಗಳಲ್ಲಿ ವಿರೂಪಾಕ್ಷದೇವಾಲಯದ ಮುಂದಿನ ರಥಬೀದಿಯ ಮಂಟಪಗಳಲ್ಲಿ ವಾಸವಾಗಿದ್ದ, ಅಂಗಡಿ ಇಟ್ಟಿದ್ದ ಸಂಸಾರಗಳನ್ನು ಹೊರಡಿಸಿ, ಅವರು ಕಟ್ಟಿಕೊಂಡಿದ್ದ ಗೋಡೆಗಳನ್ನು ಯಂತ್ರಗಳಿಂದ ಕೆಡವಿದರು. ಹಳೆಯ ಬೀದಿಗಾಗಿ ಬದುಕಿರುವ ಬೀದಿಯನ್ನು ಅಲ್ಲಿ ಖಾಲಿ ಮಾಡಿಸಿದರು. ಹೊಸ ರಸ್ತೆಗಾಗಿ ಹಳೆಯ ಬೀದಿಯನ್ನು ಇಲ್ಲಿ ಹೂಳಿದರು. ಎರಡೂ ಕಡೆಗಳಲ್ಲಿ ಒಂದೇ ದೋಷ: ಬೀದಿಯೆಂದರೆ ಕಲ್ಲೂ ಜನರೂ ಕೂಡಿದ ವಸ್ತುವೆಂಬ ಅರಿವಿಲ್ಲದಿರುವುದು. ಹಂಪೆಯನ್ನು ತೋರಿಸಿ ಬಳ್ಳಾರಿಯ ಬಾಯಿ ಮುಚ್ಚಿಸುವವರು ಹಂಪೆಯಿಂದಲೂ ಪಾಠ ಕಲಿತಿಲ್ಲ.

ಊರಿನ ಹೆಸರನ್ನು ಆಂಗ್ಲರು ಕೆಡಿಸಿದರೆಂದು ನಾವು ಬೇಸರಗೊಂಡು, 2014ರ ನವೆಂಬರ್ 1ರಂದು ಅದನ್ನು ಬಳ್ಳಾರಿಯೆಂದೇ ತಿದ್ದಿಸಿಕೊಂಡೆವು. ಸಂತೋಷ. 1953ರ ಅಕ್ಟೋಬರ್ 1ರಂದು ಈ ಊರು ಮೈಸೂರು ಸಂಸ್ಥಾನಕ್ಕೆ ಸೇರಿದ ದಿನವನ್ನು ನಮ್ಮ ಹಿರಿಯರು ಕಣ್ಣಲ್ಲಿ ನೀರು ತುಂಬಿಕೊಂಡು ನೆನೆಯುತ್ತಿದ್ದುದನ್ನು ನಾನು ಕಂಡಿದ್ದೇನೆ. ಊರಿನ ಹೆಸರಿಗಾಗಿ ಅಷ್ಟು ಹಂಬಲಿಸಿದ ನಾವು ಬೀದಿಯ ಹೆಸರನ್ನು ಮಾತ್ರ ಚುನಾವಣೆಗೊಂದರಂತೆ ಬದಲಾಯಿಸಲು ಬಿಡುವುದು ಎಂಥ ಅಭಿಮಾನ?

ಕೇವಲ ಗೊಣಗಿ ಲೇಖನಿಯನ್ನು ಕೆಳಗಿಡುವುದು ಉಪಾಧ್ಯಾಯನಿಗೆ ತರವಲ್ಲ. ಆದಕಾರಣ ಮೂರು ಕಾರ್ಯಗಳನ್ನು ಸೂಚಿಸುವೆನು. ಮೂರಕ್ಕೂ ಸರಕಾರದ ಹಣ ಬೇಡ.

ಮೊದಲನೆಯದು: ಕೋಟೆಯೊಳಗೂ ಹಳೆಯ ಪೇಟೆಗಳಲ್ಲಿಯೂ ಎಲ್ಲಿ ಅಗೆತ ನಡೆದರೂ, ನಮ್ಮ ಸಂಘದ ಒಬ್ಬ ಸದಸ್ಯನು ಒಂದು ಟಿಪ್ಪಣಿಪುಸ್ತಕ, ಒಂದು ಅಳತೆಪಟ್ಟಿಯೊಡನೆ ಅಲ್ಲಿ ನಿಲ್ಲಲಿ. ಎಷ್ಟು ಅಡಿಯಲ್ಲಿ ಏನು ಕಂಡಿತೆಂದು ಬರೆದು, ಒಂದು ಚಿತ್ರ ತೆಗೆದಿಡಲಿ. ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಚಿತ್ರ ತೆಗೆಯುವ ಸಾಧನವಿದೆ. ನಾನಂತೂ ಮಧ್ಯಾಹ್ನದ ನಿದ್ರೆಯನ್ನು ಬಿಟ್ಟಿದ್ದೇನೆ.

ಎರಡನೆಯದು: ಹೊಸ ಹೆಸರಿನ ಫಲಕವನ್ನು ಹಾಕುವವರು ಹಾಕಲಿ, ಅದರ ಕೆಳಗೆ ಹಳೆಯ ಹೆಸರನ್ನೂ ಬರೆಯಬೇಕೆಂದು ನಾವು ಪಟ್ಟು ಹಿಡಿಯಬೇಕು.

ಮೂರನೆಯದು, ಎಲ್ಲಕ್ಕಿಂತ ಸುಲಭವಾದದ್ದು, ಈ ಪತ್ರಿಕೆಯನ್ನು ಓದುವ ಮನೆಮನೆಯವರಿಂದಲೇ ಆಗಬೇಕಾದದ್ದು. ತಮ್ಮ ಟ್ರಂಕುಗಳ ತಳದಲ್ಲಿ, ಅಜ್ಜಿಯ ಪೀತಾಂಬರದ ಕೆಳಗೆ, ಮನೆಯ ಹಳೆಯ ಕ್ರಯಪತ್ರಗಳೂ ಭಾಗಪತ್ರಗಳೂ ಇರುವುವಷ್ಟೆ? ಅವುಗಳ ಕೊನೆಯಲ್ಲಿ ಚಕ್ಕುಬಂದಿಯಿರುತ್ತದೆ: ಪೂರ್ವಕ್ಕೆ ಇಂಥ ಬೀದಿ, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ದಕ್ಷಿಣಕ್ಕೆ ಇಂಥ ಬಾವಿ, ಉತ್ತರಕ್ಕೆ ಇಂಥ ಗುಡಿಯ ಓಣಿ. ಆಸ್ತಿಯ ವ್ಯಾಜ್ಯಕ್ಕೆಂದು ಬರೆಸಿದ ಆ ನಾಲ್ಕು ಸಾಲುಗಳಲ್ಲಿ ಊರಿನ ಕಳೆದುಹೋದ ನಕ್ಷೆಯಿದೆ. ಕನ್ನಡವಿರಲಿ, ತೆಲುಗಿರಲಿ, ಉರ್ದುವಿರಲಿ, ಇಂಗ್ಲಿಷಿರಲಿ, ಆ ಸಾಲುಗಳನ್ನಷ್ಟೇ ಒಂದು ಕಾಗದದ ಮೇಲೆ ನಕಲುಮಾಡಿ, ಪತ್ರದ ವರ್ಷವನ್ನು ಸೇರಿಸಿ, ಸಂಘದ ಕಾರ್ಯಾಲಯಕ್ಕೆ ಕಳುಹಿಸಿರಿ. ಬೆಲೆಯೂ ಬೇಡ, ವಾರಸುದಾರರ ಹೆಸರೂ ಬೇಡ. ನೂರು ಚಕ್ಕುಬಂದಿಗಳು ಕೂಡಿದರೆ, ಒಂದರ ಪೂರ್ವವು ಮತ್ತೊಂದರ ಪಶ್ಚಿಮವಾಗಿ, ಒಂದು ಬಾವಿ ನಾಲ್ಕು ಪತ್ರಗಳಲ್ಲಿ ಕಾಣಿಸಿಕೊಂಡು, ಹೂತುಹೋದ ಬೀದಿಗಳು ಕಾಗದದ ಮೇಲಾದರೂ ಎದ್ದು ನಿಲ್ಲುವುವು. ಸಿರುಗುಪ್ಪೆ, ಕುರುಗೋಡುಗಳ ಓದುಗರೂ ಇದನ್ನು ಮಾಡಬಹುದು. ಅಲ್ಲಿ ಕಾಂಕ್ರೀಟು ಇನ್ನೂ ಇಷ್ಟು ದಪ್ಪವಾಗಿಲ್ಲ.

ಈ ಲೇಖನವನ್ನು ಬರೆಯಲು ಕುಳಿತ ದಿನ ನಮ್ಮ ಮನೆಯ ಪತ್ರವನ್ನು ನಾನೇ ಮೊದಲು ತೆಗೆದು ನೋಡಿದೆನು. ನನ್ನ ಅಜ್ಜನು ಆ ನಿವೇಶನವನ್ನು ಕೊಂಡಾಗ ಬರೆಸಿದ್ದು. ಅದರಲ್ಲಿ, ಮನೆಯ ಮುಂದೆ, ಸೀನೀರ ಬಾವಿಯ ಬೀದಿ ಎಂದಿದೆ. ಏಳು ಗೆರೆಯ ಆ ಕಲ್ಲು ಯಾವ ಬಾವಿಯದೆಂದು ಹೀಗೆ ತಿಳಿಯಿತು. ತಿಳಿಯುವುದರೊಳಗೆ ಕಲ್ಲು ಹೋಗಿದ್ದಿತು. ಮೊಮ್ಮಗನಿಗೆ ಪತ್ರ ಬರೆದು ಉತ್ತರ ತಿಳಿಸಿದ್ದೇನೆ: "ಮಗು, ನಿನ್ನ ಹಿರಿಯರು ಮನೆಯನ್ನು ಹಳ್ಳದಲ್ಲಿ ಕಟ್ಟಲಿಲ್ಲ; ಸೀನೀರ ಬಾವಿಯ ಬೀದಿಯಲ್ಲಿ, ಐದು ಮೆಟ್ಟಿಲು ಎತ್ತರದಲ್ಲಿ ಕಟ್ಟಿದರು."